ಕ್ಯಾಮೆರಾಕ್ಕಿಂತ ಮೊದಲು ಪಾಸ್‌ಬುಕ್

ಶಿರಸಿಯ ಒಂದು ಕೇಬಲ್ ಟೀವಿಯಲ್ಲಿ ಹದಿನಾಲ್ಕು ವರ್ಷ, ಪ್ರತಿ ಭಾನುವಾರ ಸಂಜೆ ಅರ್ಧ ಗಂಟೆ ಕಾರ್ಯಕ್ರಮ ಮಾಡಿದ್ದೇನೆ. ಪಿಂಚಣಿ ನಿಂತವರು, ರೇಷನ್ ಕಾರ್ಡ್ ರದ್ದಾದವರು, ಆಸ್ಪತ್ರೆ ಬಿಲ್ ಕಟ್ಟಲಾಗದವರು ಬರುತ್ತಿದ್ದರು. ನಿರೂಪಕ ನಾನೇ, ವರದಿಗಾರನೂ ನಾನೇ. ಮಳೆಗಾಲದಲ್ಲಿ ಕ್ಯಾಮೆರಾಕ್ಕೆ ಕೊಡೆ ಹಿಡಿಯುವವನೂ ನಾನೇ.

ಶುರುವಿನಲ್ಲಿ ಕೆಲಸ ಸಲೀಸಾಗಿತ್ತು. ಕಷ್ಟದಲ್ಲಿದ್ದವರ ಮನೆಗೆ ಬೈಕಿನಲ್ಲಿ ಹೋಗೋದು, ಅವರು ಅಳುವವರೆಗೆ ಮಾತಾಡಿಸೋದು, 'ಅಧಿಕಾರಿಗಳು ಇನ್ನಾದರೂ ಕಣ್ಣು ತೆರೆಯಲಿ' ಅಂತ ಮುಗಿಸೋದು. ಜನ ಮೆಚ್ಚಿದರು. ಬಸ್ ಸ್ಟ್ಯಾಂಡಿನ ಹೋಟೆಲಿನವರು ನನ್ನಿಂದ ಚಾದ ದುಡ್ಡು ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದರು. ತಲೆ ತಿರುಗಲು ಅಷ್ಟು ಸಾಕು, ಅಲ್ವಾ?

2024ರ ಜನವರಿ. ಸಿದ್ದಾಪುರ ರಸ್ತೆಯ ಕಡೆ ಒಂದು ಹಳ್ಳಿ. ಎಪ್ಪತ್ತು ದಾಟಿದ ಅಜ್ಜಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಚೊಗರು ಹತ್ತಿ ಬೆರಳೆಲ್ಲ ಕಪ್ಪಾಗಿತ್ತು. ಅವರದು ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200 ರೂಪಾಯಿ. ಹನ್ನೊಂದು ತಿಂಗಳಿಂದ ಬಂದಿಲ್ಲ.

"ತಮಾ, ಟೀವಿಲಿ ಬಂದ್ರೆ ದುಡ್ಡು ಬತ್ತದಾ?"

"ಬರ್ತದೆ ಅಮ್ಮ" ಅಂದೆ.

ಭಾನುವಾರ ಪಿಂಚಣಿ ಕಚೇರಿಯವರನ್ನು ಚೆನ್ನಾಗಿಯೇ ಜಾಡಿಸಿದೆ. ಮಂಗಳವಾರ ಅಲ್ಲಿಂದ ಗುಮಾಸ್ತರೊಬ್ಬರ ಫೋನ್. ಜಗಳ ಇಲ್ಲ, ಗಲಾಟೆ ಇಲ್ಲ. "ದುಡ್ಡು ತಿಂಗಳು ತಿಂಗಳೂ ಹೋಗ್ತಾ ಇದೆ ಸಾರ್. ಯಾವ ಖಾತೆಗೆ ಅಂತ ನೋಡಿದ್ರಾ?"

ನೋಡಿರಲಿಲ್ಲ. ಮತ್ತೆ ಹೋದೆ. ಅಕ್ಕಿ ಡಬ್ಬದೊಳಗೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕ್ಯೂಆರ್ ಕೋಡ್ ಇದ್ದ ಒಂದು ಕಾರ್ಡ್ ಸಿಕ್ಕಿತು. ಹಿಂದಿನ ವರ್ಷ ಊರಿಗೆ ಕ್ಯಾಂಪ್ ಬಂದಾಗ ಎಲ್ಲರ ಜೊತೆ ಅಜ್ಜಿಯೂ ಪೋಸ್ಟಿನ ಬ್ಯಾಂಕಲ್ಲಿ ಖಾತೆ ಮಾಡಿಸಿ ಮರೆತಿದ್ದರು. ಆಧಾರ್ ನಂಬರಿಗೆ ಬರುವ ದುಡ್ಡು ಕೊನೆಯದಾಗಿ ಯಾವ ಖಾತೆ ಜೋಡಣೆಯಾಗಿದೆಯೋ ಅದಕ್ಕೇ ಹೋಗುತ್ತದೆ. ಹಳೇ ಪಾಸ್‌ಬುಕ್ ಎಷ್ಟು ಸಲ ಎಂಟ್ರಿ ಮಾಡಿಸಿದರೂ ಸೊನ್ನೆಯೇ. ಹೊಸ ಖಾತೆಯಲ್ಲಿ 13,200 ಸುಮ್ನೆ ಕೂತಿತ್ತು.

ಮುಂದಿನ ಭಾನುವಾರ ತಪ್ಪು ನನ್ನದೇ ಅಂತ ಟೀವಿಯಲ್ಲೇ ಹೇಳಿದೆ. ನಮ್ಮ ಮಾಲೀಕರಿಗೆ ಅದು ಸರಿ ಕಾಣಲಿಲ್ಲ.

ಆಮೇಲೆ ಒಂದು ದೊಡ್ಡ ರಿಜಿಸ್ಟರ್ ತಂದೆ. ಯಾರೇ ಬಂದರೂ ಮೊದಲು ಮಂಜೂರಾತಿ ಆದೇಶದ ಪ್ರತಿ, ಕೊನೆಯ ಸಲ ದುಡ್ಡು ಬಂದ ತಾರೀಕು, ಪಾಸ್‌ಬುಕ್. ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ಆಧಾರ್ ವೆಬ್‌ಸೈಟಿನಲ್ಲೇ ಕಾಣುತ್ತದೆ, ಮೊಬೈಲಿಗೆ ಒಟಿಪಿ ಬಂದರೆ ಆಯ್ತು. ಆ ಮೊಬೈಲ್ ನಂಬರ್ ಹುಬ್ಬಳ್ಳಿಯಲ್ಲಿರೋ ಮಗನದ್ದಾಗಿದ್ದರೆ ಅವನು ಫೋನ್ ಎತ್ತುವವರೆಗೆ ಕಾಯಬೇಕು. ಅರ್ಧಕ್ಕರ್ಧ ಕೇಸು ಅಲ್ಲೇ ಮುಗಿಯುತ್ತಿತ್ತು. ಮುಗಿದರೆ ಎಪಿಸೋಡ್ ಇಲ್ಲ! ಮಾಲೀಕರ ಮುಖ ಮತ್ತೂ ಗಂಟಾಯಿತು.

ಕಾಯಿಲೆಯ ಕೇಸುಗಳು ಬೇರೆ ತರ. ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆ ಅಂದರೆ ಮಂಗಳೂರು, ಮಣಿಪಾಲ, ಇಲ್ಲಾ ಹುಬ್ಬಳ್ಳಿಗೆ ಓಡಬೇಕು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಚೀಟಿ ಇಲ್ಲದೆ ಅಷ್ಟು ದೂರ ಹೋಗಿ ಬರಿಗೈಲಿ ವಾಪಸ್ ಬಂದವರನ್ನು ನೋಡಿದ್ದೇನೆ. ಜೊತೆಗೆ ಹೋದವರ ಊಟ, ರೂಮಿನ ಬಾಡಿಗೆ ಯಾವ ಕಾರ್ಡಿನಲ್ಲೂ ಬರಲ್ಲ. ನೋಡುಗರ ದುಡ್ಡು ಬೇಕಾಗಿದ್ದು ಜಾಸ್ತಿ ಅದಕ್ಕೇ. ಅದನ್ನು ನಮ್ಮ ಖಾತೆಗೆ ಒಂದು ದಿನವೂ ಹಾಕಿಸಿಕೊಳ್ಳಲಿಲ್ಲ.

ಮಕ್ಕಳ ಮುಖ ತೋರಿಸುವುದನ್ನೂ ನಿಲ್ಲಿಸಿದೆ. ಪಾಲನೆ, ರಕ್ಷಣೆ ಬೇಕಾದ ಮಗುವಿನ ಗುರುತು ಬಿಟ್ಟುಕೊಡಬಾರದು ಅಂತ 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಅದು ಗೊತ್ತಾಗುವ ಮೊದಲು ಒಂದು ಹುಡುಗಿಯ ಮುಖ ತೋರಿಸಿಬಿಟ್ಟಿದ್ದೆ. ಶಾಲೆಯಲ್ಲಿ ಅವಳಿಗೆ 'ಟೀವಿ ಹುಡುಗಿ' ಅಂತ ಹೆಸರು ಬಿತ್ತು.

ಅಜ್ಜಿಯ ಕತೆ ಪೂರ್ತಿ ಹೇಳಲಿಲ್ಲ. ದುಡ್ಡು ಕೊಡಲು ಪೋಸ್ಟ್‌ಮ್ಯಾನ್ ಬೆರಳಚ್ಚಿನ ಮಷಿನ್ ತಂದರೆ ಅದು ಹೆಬ್ಬೆರಳು ತಗೊಳ್ಳಲೇ ಇಲ್ಲ. ಗೆರೆ ಎಲ್ಲಿದೆ, ಅಡಿಕೆ ಸುಲಿದು ಸವೆದು ಹೋಗಿದೆ. ಬಿಸಿನೀರಲ್ಲಿ ತೊಳೆದು, ಒಂದೊಂದೇ ಬೆರಳು ಇಟ್ಟು ನೋಡಿದೆವು. ಕೊನೆಗೆ ಎಡಗೈ ಉಂಗುರ ಬೆರಳು ತಗೊಂಡಿತು. ಒಂದು ಸಲಕ್ಕೆ ಹತ್ತು ಸಾವಿರದ ಮೇಲೆ ಬರುವುದಿಲ್ಲ. ಉಳಿದ 3,200ಕ್ಕೆ ಮತ್ತೊಂದು ದಿನ ಹೋದೆ, ಒಬ್ಬನೇ, ಬರಿಗೈಲಿ. ಅಜ್ಜಿ ಹೊಸ ಸೀರೆ ಉಟ್ಟು ಜಗಲಿಯಲ್ಲಿ ಕಾದಿದ್ದರು.

"ಕ್ಯಾಮೆರಾ ಎಲ್ಲಿ? ಹರ್ಕು ಸೀರೇಲಿ ಇದ್ದಾಗ ಊರಿಗೆಲ್ಲ ತೋರ್ಸ್ದೆ. ಇವತ್ತು ಎಂತಕ್ಕೆ ತರ್ಲಿಲ್ಲ?"