ವ್ಯಾನು ನೆರಳಿಗೆ, ಪ್ಯಾನೆಲ್ ಬಿಸಿಲಿಗೆ

ಅಪ್ಪನಿಗೆ ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ಬೇಕು. ನಮ್ಮ ಓಮ್ನಿಯ ಹಿಂಬದಿಯಲ್ಲಿ ಹಾಸಿಗೆ, ಒಲೆ ಹೊಂದಿಸಿಕೊಂಡು ತಿರುಗಾಡಲು ಶುರುಮಾಡಿದಾಗ ಅವರನ್ನು ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ. ಹಾಗಾಗಿ ಇನ್ಸುಲಿನ್ ತಣ್ಣಗಿಡಲು 12 ವೋಲ್ಟಿನ ಪುಟ್ಟ ಫ್ರಿಜ್ ಬಂತು. ಅದಕ್ಕೆ 50 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ, ಬ್ಯಾಟರಿ ತುಂಬಲು 100 ವ್ಯಾಟಿನ ಸೋಲಾರ್ ಪ್ಯಾನೆಲ್. ಫ್ರಿಜ್ಜಿನ ಕಂಪ್ರೆಸರ್ 45 ವ್ಯಾಟ್ ಎಳೆಯುತ್ತದೆ. ದಿನದ ಮೂರನೇ ಒಂದು ಪಾಲು ಓಡಿದರೂ 360 ವ್ಯಾಟ್-ಅವರ್ ಬೇಕು. ಒಳ್ಳೆಯ ಬಿಸಿಲಿನ ದಿನ ಪ್ಯಾನೆಲ್ ಕೊಡುವುದೂ ಹೆಚ್ಚುಕಮ್ಮಿ ಅಷ್ಟೇ.

ಮೊದಲು ಪ್ಯಾನೆಲ್ಲನ್ನು ಕ್ಯಾರಿಯರ್‌ಗೆ ನಾಲ್ಕು ಬೋಲ್ಟ್ ಹಾಕಿ ಕಾಯಂ ಕೂರಿಸಿದ್ದೆ. ಮಾರ್ಚಿನಲ್ಲಿ ಹಂಪಿಗೆ ಹೋದಾಗ ಆ ತಪ್ಪು ಗೊತ್ತಾಯಿತು. ಪ್ಯಾನೆಲ್ಲಿಗೆಂದು ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸಿದರೆ ಒಳಗೆಲ್ಲ ಕಾದ ಹೆಂಚು. ಫ್ರಿಜ್ ನಿಲ್ಲದೆ ಓಡತೊಡಗಿತು, ಅಪ್ಪನಿಗೆ ಕೂರಲಾಗಲಿಲ್ಲ. ಬೇವಿನ ಮರದಡಿಗೆ ತಂದರೆ ಚಾರ್ಜೇ ಇಲ್ಲ. ಒಂದು ಮೂಲೆಗೆ ಕೊಂಬೆಯ ನೆರಳು ಬಿದ್ದರೂ ಸಾಕು, ಕರೆಂಟು ಕುಸಿಯುತ್ತದೆ. ಒಳಗಿನ ಸೆಲ್‌ಗಳು ಸಾಲಾಗಿ ಜೋಡಣೆಯಾಗಿರುತ್ತವೆ; ಕಾಲುವೆಗೆ ಒಂದು ಕಡೆ ಅಡ್ಡ ಕಟ್ಟಿದರೆ ಕೆಳಗಿನ ಗದ್ದೆಗೆಲ್ಲ ನೀರು ನಿಂತ ಹಾಗೆ. ಗಾಡಿ ನೆರಳಲ್ಲಿರಬೇಕು, ಪ್ಯಾನೆಲ್ ಬಿಚ್ಚಿ ಇಳಿಸುವಂತಿದ್ದು ಬಿಸಿಲಲ್ಲಿರಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಊರಿಗೆ ಬಂದು ವೆಲ್ಡಿಂಗ್ ಅಂಗಡಿಗೆ ಹೋದೆ. "ಟಾಪಿಗೇ ತೂತು ಹೊಡೆದು ಗಟ್ಟಿ ಮಾಡಿಬಿಡೋಣ ಸಾರ್" ಎಂದ ಹುಡುಗನಿಗೆ ಬೇಡವೆಂದೆ. ತೂತು ಬಿದ್ದಲ್ಲಿ ಮಳೆಗಾಲಕ್ಕೆ ತುಕ್ಕು ಖಂಡಿತ. ಓಮ್ನಿಯ ಟಾಪಿನ ಅಂಚಿನುದ್ದಕ್ಕೂ ನೀರು ಹರಿಯುವ ಪಟ್ಟಿ ಇದೆ; ಕ್ಯಾರಿಯರ್ ಅದನ್ನೇ ಕಚ್ಚಿ ನಿಲ್ಲುತ್ತದೆ. ಕ್ಯಾರಿಯರ್‌ನ ಮುಂಭಾಗಕ್ಕೆ ಎರಡು ಕೊಕ್ಕೆ ಬೆಸುಗೆ ಹಾಕಿಸಿದೆ. ಪ್ಯಾನೆಲ್ಲಿನ ಮುಂದಿನ ಅಂಚು ಅದರಡಿ ಜಾರಿ ಕೂರುತ್ತದೆ, ಹಿಂದಿನ ಅಂಚಿಗೆ ಎರಡು ಬೋಲ್ಟ್. ಕೊಕ್ಕೆ ಮುಂದೆಯೇ ಇರಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಇಷ್ಟಗಲದ ಹಲಗೆಯಡಿ ಗಾಳಿ ನುಗ್ಗಿದರೆ ಸುಮಾರು 18 ಕಿಲೋ ಬಲದಿಂದ ಎತ್ತಬಲ್ಲದು. ಪ್ಯಾನೆಲ್ಲಿನ ತೂಕವೇ 7 ಕಿಲೋ.

ಬೋಲ್ಟಿಗೆ ಮೊದಲು ಕೈಯಲ್ಲೇ ತಿರುಗಿಸುವ ವಿಂಗ್ ನಟ್ ಹಾಕಿದ್ದೆ. ಚಾರ್ಮಾಡಿ ಘಾಟಿ ಇಳಿದು ನೋಡಿದರೆ ಒಂದು ನಟ್ಟು ಮಾಯ, ಇನ್ನೊಂದು ಸಡಿಲ. ಕೈಕಾಲು ತಣ್ಣಗಾಯಿತು, ಹಿಂದೆ ಬೈಕಿನವರು ಬರುತ್ತಿದ್ದರು. ಈಗ ಬೋಲ್ಟಿನ ತುದಿಗೆ ಸಣ್ಣ ರಂಧ್ರ ಕೊರೆಸಿ ಪಿನ್ನು ತೂರಿಸುತ್ತೇನೆ, ಮೇಲೊಂದು ಸ್ಟೀಲ್ ವೈರ್ ಬಿಗಿದು ಬೀಗ ಹಾಕುತ್ತೇನೆ. ಲೋಹಕ್ಕೆ ಲೋಹ ತಾಗುವಲ್ಲೆಲ್ಲ ಹಳೆ ಟ್ಯೂಬಿನ ರಬ್ಬರ್ ಇಟ್ಟಿದ್ದೇನೆ. ಪ್ಯಾನೆಲ್ಲಿನಡಿ ನಾಲ್ಕು ಬೆರಳಷ್ಟು ಜಾಗ ಬಿಟ್ಟಿದ್ದೇನೆ. ಸೆಲ್ಲು 25 ಡಿಗ್ರಿಗಿಂತ ಬಿಸಿಯಾದಂತೆ ಪ್ರತಿ ಡಿಗ್ರಿಗೂ ಶೇ. 0.4ರ ಹತ್ತಿರ ನಷ್ಟ. ಗಾಳಿಯಾಡಿದರೆ ಅದು ತಗ್ಗುತ್ತದೆ.

ಪ್ಯಾನೆಲ್ಲಿನಿಂದ ಗಾಡಿಗೆ ಬರುವ ವೈರು 10 ಮೀಟರ್, 4 ಚದರ ಮಿ.ಮೀ. ತಾಮ್ರದ್ದು. ತೆಳು ವೈರು ಅಗ್ಗ ನಿಜ, ಆದರೆ 1.5ರ ವೈರಿನಲ್ಲಿ ಅಷ್ಟು ದೂರಕ್ಕೆ ಒಂದು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತದೆ. ಹಿಂಬಾಗಿಲ ಬೀಡಿಂಗಿನಡಿ ವೈರನ್ನು ಒಳಗೆ ತಂದಿದ್ದೇನೆ, ಹೊರಗಡೆ ಒಂದು ಸುತ್ತು ಕೆಳಕ್ಕೆ ಇಳಿಬಿಟ್ಟು. ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಬ್ಯಾಟರಿ ಅತಿಯಾಗಿ ತುಂಬದಂತೆ ಕಾಯುವ ಚಾರ್ಜ್ ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಪ್ಯಾನೆಲ್ ಮೊದಲು. ಕರೆಂಟು ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ ಕಿಡಿ ಹಾರುತ್ತದೆ. ಅದಕ್ಕೇ ಪ್ಯಾನೆಲ್ಲಿನ ಮೇಲೆ ಕಂಬಳಿ ಹೊದಿಸಿಯೇ ಬಿಚ್ಚುತ್ತೇನೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು.

ಡಿಸೆಂಬರಿನಲ್ಲಿ ಮರವಂತೆಗೆ ಹೋದೆವು. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಗಾಡಿಯನ್ನು ಮರದಡಿ ನಿಲ್ಲಿಸಿ ಪ್ಯಾನೆಲ್ ಇಳಿಸಿ ಮರಳ ಮೇಲೆ ಮಲಗಿಸಿದಾಗ ನಡುಮಧ್ಯಾಹ್ನ 65 ವ್ಯಾಟ್ ತೋರಿಸಿತು. ಹಿಂದೊಂದು ಬಕೆಟ್ ಕೊಟ್ಟು ದಕ್ಷಿಣಕ್ಕೆ ಓರೆ ಮಾಡಿದೆ, 80ಕ್ಕೆ ಏರಿತು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನಲ್ಲ. ಟಾಪಿನ ಮೇಲೆ ಚಪ್ಪಟೆ ಮಲಗಿದ್ದರೆ ಆ 15 ವ್ಯಾಟ್ ಸಿಗುತ್ತಿರಲಿಲ್ಲ. ಅಪ್ಪ ನೆರಳಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಗಂಟೆಗೊಮ್ಮೆ ಎದ್ದು ಹೋಗಿ ಬಕೆಟ್ ಸರಿಸಿ ಪ್ಯಾನೆಲ್ಲನ್ನು ಬಿಸಿಲಿಗೆ ತಿರುಗಿಸುವ ಕೆಲಸವನ್ನು ಅವರೇ ವಹಿಸಿಕೊಂಡರು.