ಯಾರು ಹೇಳುತ್ತಿದ್ದಾರೆ, ಯಾರಿಗೆ, ಯಾಕೆ? ಬೇಸಿಗೆ ರಜೆಯಲ್ಲಿ ನಾವು ‘ಫ್ರಾಂಕೆನ್‌ಸ್ಟೈನ್’ ಓದಿದ ಬಗೆ

ಬೇಸಿಗೆ ರಜೆ ಬಂದರೆ ಹೈಸ್ಕೂಲಿನ ಕೊನೆಯ ತರಗತಿಗಳ ಮಕ್ಕಳು, ಈಗಷ್ಟೇ ಕಾಲೇಜು ಸೇರಿದವರು, ಹೀಗೆ ಹತ್ತು ಹನ್ನೆರಡು ಮಂದಿಯನ್ನು ಸೇರಿಸಿಕೊಂಡು ಒಂದು ಓದು ಬಳಗ ನಡೆಸುತ್ತೇನೆ. ಇಡೀ ರಜೆಗೆ ಒಂದೇ ಕಾದಂಬರಿ. ವಾರಕ್ಕೊಮ್ಮೆ ಸೇರಿ ಒಂದೂವರೆ ಗಂಟೆ ಮಾತಾಡುತ್ತೇವೆ. ಪರೀಕ್ಷೆಯಿಲ್ಲ, ಅಂಕವಿಲ್ಲ, ಪ್ರಮಾಣಪತ್ರವೂ ಇಲ್ಲ. ಈ ಸಲ ಓದಿದ್ದು ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’. ಪಾತ್ರಗಳಲ್ಲಿ ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂದು ಕೇಳಿದರೆ ಚರ್ಚೆ ಬೇಗ ಬತ್ತಿಹೋಗುತ್ತದೆ. ಈ ಮಾತನ್ನು ಯಾರು ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ, ಯಾಕೆ ಹೇಳುತ್ತಿದ್ದಾರೆ ಎಂದು ಕೇಳಿದರೆ ಅದೇ ಮಕ್ಕಳು ಎದ್ದು ಹೋಗಲು ಒಪ್ಪುವುದಿಲ್ಲ. ಈ ರಜೆಯ ಅಷ್ಟೂ ಭೇಟಿಗಳನ್ನು ಆ ಒಂದೇ ಪ್ರಶ್ನೆಯ ಮೇಲೆ ನಡೆಸಿದೆ.

ಆ ಪ್ರಶ್ನೆಗೆ ಈ ಕಾದಂಬರಿ ಹೇಳಿ ಮಾಡಿಸಿದ ಹಾಗಿದೆ. ಉತ್ತರ ಧ್ರುವದ ಕಡೆ ಹಡಗು ನಡೆಸುತ್ತಿರುವ ವಾಲ್ಟನ್ ತನ್ನ ಅಕ್ಕ ಮಾರ್ಗರೆಟ್‌ಗೆ ಬರೆಯುವ ಕಾಗದಗಳಿಂದ ಕಥೆ ಶುರುವಾಗುತ್ತದೆ. ಹಿಮದ ಮೇಲೆ ಸಾಯುವ ಸ್ಥಿತಿಯಲ್ಲಿ ಸಿಕ್ಕ ವಿಕ್ಟರ್ ಫ್ರಾಂಕೆನ್‌ಸ್ಟೈನ್ ತನ್ನ ಕಥೆಯನ್ನು ವಾಲ್ಟನ್‌ಗೆ ಹೇಳುತ್ತಾನೆ. ಅದರ ನಡುವೆ, ವಿಕ್ಟರ್ ಸೃಷ್ಟಿಸಿದ ಜೀವಿ ತನ್ನ ಕಥೆಯನ್ನು ವಿಕ್ಟರ್‌ಗೆ ಹೇಳುತ್ತದೆ. ಅದರೊಳಗೂ ಡಿಲೇಸಿ ಎಂಬ ಬಡ ಕುಟುಂಬದ ಕಥೆಯಿದೆ. ಎಲ್ಲ ಮಾತಿಗೂ ಎದುರಿಗೆ ಕೇಳುವವರೊಬ್ಬರು ಕೂತಿದ್ದಾರೆ, ಹೇಳುವವರಿಗೆ ಅವರಿಂದ ಏನೋ ಬೇಕಾಗಿದೆ.

ಮೊದಲ ಭೇಟಿಗೆ ಮುಂಚೆಯೇ ಇತ್ಯರ್ಥ ಮಾಡಿಕೊಳ್ಳಬೇಕಾದದ್ದು ಆವೃತ್ತಿಯ ವಿಷಯ. ಈ ಕಾದಂಬರಿ ಮೊದಲು ಅಚ್ಚಾದದ್ದು 1818ರಲ್ಲಿ, ಮೂರು ಸಂಪುಟಗಳಲ್ಲಿ. ಲೇಖಕಿ ತಾನೇ ತಿದ್ದಿ ಒಂದೇ ಸಂಪುಟದಲ್ಲಿ ಮತ್ತೆ ತಂದದ್ದು 1831ರಲ್ಲಿ. ಇಂದಿಗೂ ಎರಡೂ ಸಿಗುತ್ತವೆ, ಅಧ್ಯಾಯಗಳ ಸಂಖ್ಯೆ ತಾಳೆಯಾಗುವುದಿಲ್ಲ. ಜೀವಿ ಕಣ್ಣು ತೆರೆಯುವ ರಾತ್ರಿ ಒಂದರಲ್ಲಿ ಮೊದಲ ಸಂಪುಟದ ನಾಲ್ಕನೇ ಅಧ್ಯಾಯ, ಇನ್ನೊಂದರಲ್ಲಿ ಐದನೆಯದು. ‘ಐದರವರೆಗೆ ಓದಿಕೊಂಡು ಬನ್ನಿ’ ಅಂದರೆ ಅರ್ಧ ಜನ ಒಂದು ಕಡೆ, ಅರ್ಧ ಜನ ಇನ್ನೊಂದು ಕಡೆ ನಿಂತಿರುತ್ತಾರೆ. ಹಾಗಾಗಿ ಓದಬೇಕಾದ ಭಾಗವನ್ನು ಘಟನೆಯಿಂದ ಗುರುತಿಸಿ ಹೇಳಿದೆ: ‘ಜಸ್ಟೀನಳ ವಿಚಾರಣೆ ಮುಗಿಯುವವರೆಗೆ’, ‘ಹಿಮನದಿಯ ಮೇಲೆ ಇಬ್ಬರೂ ಎದುರಾಗುವವರೆಗೆ’. ಎಲ್ಲರೂ ಒಂದೇ ಆವೃತ್ತಿ ತರಬೇಕೆಂಬ ನಿಯಮ ಮಾತ್ರ ಮಾಡಲಿಲ್ಲ. ಅದರ ಲಾಭ ಎರಡನೇ ವಾರವೇ ಕಾಣಿಸಿತು. ಎಲಿಜಬೆತ್ ವಿಕ್ಟರ್‌ನ ಸೋದರತ್ತೆಯ ಮಗಳು ಅಂತ ಒಬ್ಬಳು, ಅಲ್ಲ, ಬಡವರ ಮನೆಯಿಂದ ತಂದು ಸಾಕಿದ ಅನಾಥೆ ಅಂತ ಇನ್ನೊಬ್ಬ. ಇಬ್ಬರೂ ಪುಟ ತೆರೆದು ತೋರಿಸಿದರು, ಇಬ್ಬರದೂ ಸರಿ. ಲೇಖಕಿ ಅದನ್ನು ಯಾಕೆ ಬದಲಿಸಿರಬಹುದು ಎಂಬುದರ ಮೇಲೆ ಅವತ್ತಿನ ಉಳಿದ ಹೊತ್ತೆಲ್ಲ ಕಳೆಯಿತು. ಪುಸ್ತಕವೆಂಬುದು ಒಬ್ಬರು ಕೂತು, ಯೋಚಿಸಿ, ತಿದ್ದಿದ ಕೆಲಸ ಎಂಬುದು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ತಿಳಿಯುವ ದಾರಿ ನನಗೆ ಗೊತ್ತಿಲ್ಲ.

ಲೇಖಕಿಯ ಬದುಕಿನ ಕಥೆಯನ್ನು ಆರಂಭದಲ್ಲಿ ಹೇಳುವುದಿಲ್ಲ. ಮೊದಲೇ ಹೇಳಿಬಿಟ್ಟರೆ ಮಕ್ಕಳು ಕಾದಂಬರಿಯ ಪ್ರತಿ ಸಾಲಿನಲ್ಲೂ ಆ ಬದುಕನ್ನೇ ಹುಡುಕುತ್ತಾರೆ. ಮೊದಲ ದಿನ ತಿಳಿಸಿದ್ದು ಇಷ್ಟೇ: ಇದನ್ನು ಬರೆಯಲು ಶುರುಮಾಡಿದಾಗ ಆಕೆಗೆ 18 ವರ್ಷ. 1815ರಲ್ಲಿ ಇಂಡೊನೇಷ್ಯಾದ ತಾಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಮಳೆಗೆ ಸಿಕ್ಕಿ ಮನೆಯೊಳಗೇ ಕೂತಿದ್ದ ಗೆಳೆಯರಲ್ಲಿ ಕವಿ ಬೈರನ್, ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯೋಣ ಅಂದ. ಈ ಕಾದಂಬರಿ ಹುಟ್ಟಿದ್ದು ಅಲ್ಲಿ. ನನ್ನ ಮುಂದೆ ಕೂತವರಲ್ಲಿ ಹಲವರದು ಅದೇ ವಯಸ್ಸು. ಹದಿನೆಂಟು ಎಂದು ಕೇಳಿದ ಕೂಡಲೇ ಅವರು ಪುಸ್ತಕವನ್ನು ಹಿಡಿದುಕೊಂಡ ರೀತಿಯೇ ಬದಲಾಯಿತು.

ಎಲ್ಲರ ತಲೆಯಲ್ಲೂ 1931ರ ಸಿನಿಮಾದ ಚಿತ್ರ ಇದ್ದೇ ಇರುತ್ತದೆ, ನೋಡದವರಲ್ಲೂ. ಚಪ್ಪಟೆ ತಲೆ, ಕತ್ತಿನಲ್ಲಿ ಬೋಲ್ಟು, ಬಾಯಲ್ಲಿ ಮಾತಿಲ್ಲ. ಅದನ್ನು ಅಳಿಸಲು ನಾನು ಹೋಗುವುದಿಲ್ಲ. ‘ಸಿನಿಮಾದಲ್ಲಿದ್ದು ಪುಸ್ತಕದಲ್ಲಿ ಇಲ್ಲದ್ದನ್ನು ಓದುತ್ತಾ ಗುರುತು ಹಾಕಿಕೊಳ್ಳಿ’ ಅಂದೆ. ಫ್ರಾಂಕೆನ್‌ಸ್ಟೈನ್ ಎಂಬುದು ಸೃಷ್ಟಿಸಿದವನ ಹೆಸರು, ಜೀವಿಗೆ ಹೆಸರೇ ಇಲ್ಲ ಎಂಬುದನ್ನು ಅವರೇ ಕಂಡುಕೊಂಡರು. ಸಿಡಿಲಿನಿಂದ ಜೀವ ತುಂಬುವ ದೃಶ್ಯವೂ ಪುಸ್ತಕದಲ್ಲಿಲ್ಲ. ಹೇಗೆ ಮಾಡಿದೆ ಎಂಬುದನ್ನು ವಿಕ್ಟರ್ ಬೇಕೆಂದೇ ಹೇಳುವುದಿಲ್ಲ. ‘ಯಾರಿಗೆ ಹೇಳ್ತಿಲ್ಲ?’ ಅಂತ ಕೇಳಿದೆ. ‘ವಾಲ್ಟನ್‌ಗೆ. ಅವನೂ ಅದೇ ದಾರಿ ಹಿಡಿದಾನು ಅಂತ,’ ಅಂದಳು ಒಬ್ಬಳು. ನಮ್ಮ ಪ್ರಶ್ನೆ ಕೆಲಸ ಶುರುಮಾಡಿದ್ದು ಅಲ್ಲಿಂದ.

ಮಾತಾಡುವ ಮಕ್ಕಳು ಎಲ್ಲ ಕಡೆ ಮಾತಾಡುತ್ತಾರೆ. ಬಳಗದ ಗಟ್ಟಿತನ ಇರುವುದು ಮಾತಾಡದವರಲ್ಲಿ. ಅವರಿಗಾಗಿ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಬರುವಾಗ ಪ್ರತಿಯೊಬ್ಬರೂ ತಮ್ಮನ್ನು ತಡೆದು ನಿಲ್ಲಿಸಿದ ಒಂದು ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಂಡು ಬರಬೇಕು. ಸರದಿ ಬಂದಾಗ ಪುಟ ಹೇಳಿ, ವಾಕ್ಯವನ್ನು ಗಟ್ಟಿಯಾಗಿ ಓದಬೇಕು, ವಿವರಣೆ ಕೊಡಬಾರದು. ಉಳಿದವರು ಅದರ ಬಗ್ಗೆ ಮಾತಾಡುತ್ತಾರೆ. ಆರಿಸಿಕೊಂಡವರು ಎಲ್ಲರಿಗಿಂತ ಕೊನೆಗೆ ಮಾತಾಡುತ್ತಾರೆ. ಸಂಕೋಚದ ಮಕ್ಕಳಿಗೆ ಇದರಿಂದ ಎರಡು ಅನುಕೂಲ. ಬಾಯಿ ಬಿಡುವ ಮೊದಲ ಮಾತು ತಮ್ಮದಾಗಿರುವುದಿಲ್ಲ, ಪುಸ್ತಕದ್ದಾಗಿರುತ್ತದೆ. ಕೊನೆಯ ಮಾತು ತಮ್ಮದೇ, ಅದನ್ನು ಯಾರೂ ನಡುವೆ ಕಿತ್ತುಕೊಳ್ಳುವಂತಿಲ್ಲ. ಸಾರಾಂಶ ಮಾತ್ರ ಓದಿ ಬಂದವರು ಯಾರು ಎಂಬುದೂ ಚೀಟಿಯಿಂದ ಗೊತ್ತಾಗುತ್ತದೆ, ಅದಕ್ಕಾಗಿ ಯಾರನ್ನೂ ಗದರಬೇಕಾಗಿಲ್ಲ. ಓದದೆ ಬಂದವರನ್ನು ವಾಪಸು ಕಳಿಸಬಾರದು. ಅವತ್ತಿನ ಭಾಗವನ್ನು ಗಟ್ಟಿಯಾಗಿ ಓದುವ ಕೆಲಸ ಅವರಿಗೆ ಕೊಟ್ಟರೆ ಮುಂದಿನ ವಾರ ಓದಿಕೊಂಡೇ ಬರುತ್ತಾರೆ.

ನನ್ನ ಪಾಲಿನ ಕೆಲಸ ಪ್ರಶ್ನೆ ಕೇಳಿ ಸುಮ್ಮನಿರುವುದು. ಕೋಣೆ ನಿಶ್ಶಬ್ದವಾದಾಗ ತುಂಬಿಸಬೇಕೆಂದು ಗಂಟಲವರೆಗೆ ಮಾತು ಬರುತ್ತದೆ, ತಡೆದುಕೊಳ್ಳಬೇಕು. ಆ ಮೌನದಲ್ಲಿ ಮಕ್ಕಳು ಪುಟ ತಿರುವುತ್ತಿರುತ್ತಾರೆ.

ಜಸ್ಟೀನಳ ಪ್ರಕರಣದ ವಾರ ಅತ್ಯಂತ ಕಾವೇರಿದ್ದು. ವಿಕ್ಟರ್‌ನ ಪುಟ್ಟ ತಮ್ಮ ವಿಲಿಯಂ ಕೊಲೆಯಾಗಿದ್ದಾನೆ. ಅವನ ಕೊರಳಲ್ಲಿದ್ದ ತಾಯಿಯ ಚಿತ್ರದ ಪದಕ ಮನೆಗೆಲಸದ ಜಸ್ಟೀನಳ ಜೇಬಿನಲ್ಲಿ ಸಿಗುತ್ತದೆ. ಎಲಿಜಬೆತ್ ಅವಳ ಪರವಾಗಿ ನ್ಯಾಯಾಲಯದಲ್ಲಿ ಮಾತಾಡುತ್ತಾಳೆ, ಪ್ರಯೋಜನವಾಗುವುದಿಲ್ಲ. ಪಾದ್ರಿ ನರಕದ ಭಯ ಹುಟ್ಟಿಸಿದ್ದಕ್ಕೆ ಜಸ್ಟೀನ್ ಮಾಡದ ತಪ್ಪನ್ನು ಒಪ್ಪಿಕೊಳ್ಳುತ್ತಾಳೆ, ಗಲ್ಲಿಗೇರುತ್ತಾಳೆ. ಕೊಂದದ್ದು ತಾನು ಸೃಷ್ಟಿಸಿದ ಜೀವಿಯೇ ಎಂದು ವಿಕ್ಟರ್‌ನ ಮನಸ್ಸಿಗೆ ಖಚಿತವಾಗಿ ಗೊತ್ತು. ಬಾಯಿ ಬಿಡುವುದಿಲ್ಲ. ಹೇಳಿದ್ದರೆ ಹುಚ್ಚನ ಮಾತೆಂದು ತಳ್ಳಿಹಾಕುತ್ತಿದ್ದರು, ಅವಳೇನೂ ಉಳಿಯುತ್ತಿರಲಿಲ್ಲ ಎಂಬುದು ಅವನ ಸಮಜಾಯಿಷಿ.

‘ನಿಜ ತಾನೇ? ಯಾರು ನಂಬ್ತಿದ್ರು?’ ಅಂದ ಒಬ್ಬ.

‘ನಂಬೋದು ಬಿಡೋದು ಅವರ ಕೆಲಸ. ಹೇಳೋದು ಇವನ ಕೆಲಸ ಆಗಿತ್ತಲ್ಲ?’ ಅಂದಳು ಪಕ್ಕದವಳು.

ಇಷ್ಟಕ್ಕೆ ಬಿಟ್ಟಿದ್ದರೆ ವಿಕ್ಟರ್ ಹೇಡಿಯೋ ಅಲ್ಲವೋ ಎಂಬಲ್ಲಿಗೆ ಮಾತು ನಿಲ್ಲುತ್ತಿತ್ತು. ನಮ್ಮ ಪ್ರಶ್ನೆ ಮುಂದಿಟ್ಟೆ: ಈ ಸಮಜಾಯಿಷಿಯನ್ನು ಯಾರಿಗೆ ಕೊಡುತ್ತಿದ್ದಾನೆ, ಯಾವಾಗ? ಎಷ್ಟೋ ವರ್ಷಗಳ ಮೇಲೆ, ಹಡಗಿನಲ್ಲಿ, ತನ್ನನ್ನು ಆರಾಧಿಸುತ್ತಿರುವ ವಾಲ್ಟನ್‌ಗೆ. ಹಾಗಾದರೆ ಇದು ಅವತ್ತು ನ್ಯಾಯಾಲಯದಲ್ಲಿ ಅನ್ನಿಸಿದ್ದೋ, ಇವತ್ತು ವಾಲ್ಟನ್ ಒಪ್ಪಲಿ ಎಂದು ಕಟ್ಟಿದ್ದೋ? ಮಕ್ಕಳು ಹಿಂದಿನ ಪುಟಗಳಿಗೆ ಹೋದರು. ವಿಚಾರಣೆಯ ವರ್ಣನೆಯಲ್ಲಿ ಜಸ್ಟೀನಳ ಸಂಕಟಕ್ಕಿಂತ ತನ್ನ ಸಂಕಟವೇ ದೊಡ್ಡದೆಂದು ವಿಕ್ಟರ್ ಹೇಳಿಕೊಳ್ಳುವ ಜಾಗವನ್ನು ಅದುವರೆಗೆ ಬಾಯೇ ಬಿಡದಿದ್ದ ಹುಡುಗಿ ಹುಡುಕಿ ಓದಿದಳು. ಗಲ್ಲಿಗೇರುವವಳಿಗಿಂತ ತನ್ನದೇ ಹೆಚ್ಚಿನ ಯಾತನೆ ಎನ್ನುವವನ ಮಾತನ್ನು ಎಷ್ಟು ನಂಬಬೇಕು? ಅವತ್ತು ಸಮಯ ಮುಗಿದ ಮೇಲೂ ಯಾರೂ ಏಳಲಿಲ್ಲ.

ಜೀವಿ ತನ್ನ ಕಥೆ ಹೇಳುವ ಅಧ್ಯಾಯಗಳಿಗೆ ನಾನು ಉಳಿದ ಭಾಗಗಳಿಗಿಂತ ಹೆಚ್ಚು ಸಮಯ ಕೊಡುತ್ತೇನೆ. ಬೇರೆ ಯಾರಾದರೂ ಈ ಪುಸ್ತಕ ಓದಿಸುವುದಿದ್ದರೆ ಅವರಿಗೂ ಇದನ್ನೇ ಹೇಳುತ್ತೇನೆ. ಆರಂಭದ ಕಾಗದಗಳನ್ನು ಬೇಗ ದಾಟಬಹುದು, ಇಂಗ್ಲೆಂಡಿನ ಪ್ರವಾಸದ ಪುಟಗಳನ್ನು ಮನೆಯಲ್ಲಿ ಓದಿಕೊಂಡರೆ ಸಾಕು, ಈ ಭಾಗ ಮಾತ್ರ ಸೇರಿ ಕೂತು, ಗಟ್ಟಿಯಾಗಿ ಓದಬೇಕಾದದ್ದು. ಭಿಕ್ಷುಕರು ಬಿಟ್ಟುಹೋದ ಬೆಂಕಿ ಹಿತವಾಗಿದೆಯೆಂದು ಜೀವಿ ಅದರೊಳಗೆ ಕೈ ಹಾಕಿ ಸುಟ್ಟುಕೊಳ್ಳುತ್ತದೆ. ಡಿಲೇಸಿ ಕುಟುಂಬದ ಗುಡಿಸಿಲಿಗೆ ಅಂಟಿಕೊಂಡ ಗೂಡಿನಲ್ಲಿ ಅಡಗಿ, ಅವರು ಆಡುವ ಮಾತಿನಿಂದಲೇ ಭಾಷೆ ಕಲಿಯುತ್ತದೆ. ರಾತ್ರಿ ಹೊತ್ತು ಅವರಿಗೆ ಗೊತ್ತಾಗದಂತೆ ಸೌದೆ ತಂದು ಹಾಕುತ್ತದೆ. ಕಾಡಿನಲ್ಲಿ ಸಿಕ್ಕ ಚೀಲದೊಳಗಿನ ಪುಸ್ತಕಗಳಲ್ಲಿ ಮಿಲ್ಟನ್ನನ ಮಹಾಕಾವ್ಯ ‘ಪ್ಯಾರಡೈಸ್ ಲಾಸ್ಟ್’ ಇದೆ. ಅದನ್ನು ನಡೆದ ಕಥೆಯೆಂದೇ ಓದಿಕೊಂಡು, ತಾನು ಆದಮನೋ ಸೈತಾನನೋ ಎಂದು ಕೇಳಿಕೊಳ್ಳುತ್ತದೆ. ಕೊನೆಗೆ ಕಣ್ಣು ಕಾಣದ ಮುದುಕನ ಬಳಿ ಧೈರ್ಯ ಮಾಡಿ ಹೋಗಿ ಮಾತಾಡುತ್ತದೆ. ಮುದುಕ ಕರುಣೆಯಿಂದಲೇ ಕೇಳುತ್ತಾನೆ. ಅಷ್ಟರಲ್ಲಿ ಮಗ ಬಂದು ಕೋಲಿನಿಂದ ಬಡಿಯುತ್ತಾನೆ.

ಇದನ್ನು ಓದಿದವರೆಲ್ಲ ಜೀವಿಯ ಪಕ್ಷವಾದರು. ನನಗೂ ಈ ಪುಟಗಳನ್ನು ಓದುವಾಗ ಇಂದಿಗೂ ಗಂಟಲು ಕಟ್ಟುತ್ತದೆ. ಆದರೂ ಪ್ರಶ್ನೆ ಬಿಡುವಂತಿರಲಿಲ್ಲ. ಜೀವಿ ಯಾರಿಗೆ ಹೇಳುತ್ತಿದೆ? ವಿಕ್ಟರ್‌ಗೆ. ಏನು ಬೇಕಾಗಿ? ತನ್ನಂಥದೇ ಒಂದು ಹೆಣ್ಣನ್ನು ಮಾಡಿಕೊಡು ಎಂಬ ಬೇಡಿಕೆಗೆ. ‘ಅಂದರೆ ಇದೂ ಅರ್ಜಿನೇ,’ ಅಂದ ಒಬ್ಬ, ಸ್ವಲ್ಪ ಬೇಸರದಿಂದ. ‘ಅರ್ಜಿ ಆದ ಮಾತ್ರಕ್ಕೆ ಸುಳ್ಳಾಗಬೇಕಾ?’ ಅಂತ ಇನ್ನೊಬ್ಬಳು. ಎರಡೂ ಮಾತು ಒಟ್ಟಿಗೆ ನಿಜವಾಗಿರಬಹುದು ಎಂಬಲ್ಲಿಗೆ ಬರಲು ಅವರಿಗೆ ಒಂದಿಡೀ ಭೇಟಿ ಹಿಡಿಯಿತು. ನಾನೇ ಎರಡು ನಿಮಿಷದಲ್ಲಿ ಹೇಳಿಬಿಡಬಹುದಿತ್ತು. ಹಾಗೆ ಹೇಳಿದ್ದರೆ ಅದು ಅವರದಾಗುತ್ತಿರಲಿಲ್ಲ.

ಲೇಖಕಿಯ ಬದುಕನ್ನು ಹೇಳಿದ್ದು ಈ ಘಟ್ಟದಲ್ಲಿ. ಅವಳು ಹುಟ್ಟಿ ಹನ್ನೊಂದನೇ ದಿನಕ್ಕೆ ತಾಯಿ ಮೇರಿ ವೋಲ್‌ಸ್ಟೋನ್‌ಕ್ರಾಫ್ಟ್ ತೀರಿಕೊಂಡಳು. 1815ರಲ್ಲಿ ಅವಳ ಮೊದಲ ಹಸುಳೆ ಉಳಿಯಲಿಲ್ಲ. 1818ರಲ್ಲಿ ಪುಸ್ತಕ ಬಂದಾಗ ಮುಖಪುಟದಲ್ಲಿ ಅವಳ ಹೆಸರಿರಲಿಲ್ಲ, ಮುನ್ನುಡಿಯನ್ನು ಬರೆದದ್ದು ಗಂಡ ಪರ್ಸಿ. ಹೆಚ್ಚು ವ್ಯಾಖ್ಯಾನ ಮಾಡಲಿಲ್ಲ. ಹುಟ್ಟಿಸಿದವರಿಲ್ಲದೆ ಬೆಳೆಯುವ ಜೀವಿಯ ಕಥೆಯನ್ನು ಆಗಷ್ಟೇ ಓದಿ ಮುಗಿಸಿದವರಿಗೆ ವ್ಯಾಖ್ಯಾನ ಬೇಕಿರಲಿಲ್ಲ.

ವಿಕ್ಟರ್ ಹೆಣ್ಣು ಜೀವಿಯನ್ನು ಅರ್ಧದಲ್ಲೇ ಹರಿದುಹಾಕುವ ಭಾಗದ ಚರ್ಚೆ ನಾನು ಎಣಿಸಿದಷ್ಟು ದೂರ ಹೋಗಲಿಲ್ಲ. ಅವನ ಭಯಗಳೆಲ್ಲ ‘ಒಂದು ವೇಳೆ’ಗಳೇ, ಹುಟ್ಟದವಳು ಏನು ಬಯಸುತ್ತಾಳೆಂದು ಇವನೇ ತೀರ್ಮಾನಿಸಿದ ಎಂದು ಒಬ್ಬಳು ಹೇಳಿದಳು. ಉಳಿದವರು ತಲೆಯಾಡಿಸಿದರು. ಒಪ್ಪಿಗೆ ಇದ್ದ ಕಡೆ ಎಳೆದಾಡದೆ ಮುಂದೆ ಹೋಗುವುದೇ ಸರಿ.

ಕೊನೆಯ ವಾರದಲ್ಲಿ ಒಬ್ಬ ತನ್ನ ಚೀಟಿಯ ವಾಕ್ಯ ಓದಿದ, ಅದು ಅಲ್ಲಿಯವರೆಗಿನ ಎಲ್ಲವನ್ನೂ ಮತ್ತೆ ತೆರೆಯಿತು. ವಾಲ್ಟನ್ ಕಥೆಯನ್ನು ಬರೆದಿಟ್ಟುಕೊಳ್ಳುತ್ತಿರುವುದು ವಿಕ್ಟರ್‌ಗೆ ತಿಳಿಯಿತು, ಅವನು ಕೇಳಿ ತರಿಸಿಕೊಂಡು ಹಲವೆಡೆ ತಿದ್ದಿದ, ಸೇರಿಸಿದ, ಅದರಲ್ಲೂ ಮುಖ್ಯವಾಗಿ ತನ್ನ ವೈರಿಯ ಜೊತೆಗಿನ ಸಂಭಾಷಣೆಗಳಿಗೆ ಜೀವ ತುಂಬಿದ ಎಂದು ವಾಲ್ಟನ್ನೇ ಬರೆಯುತ್ತಾನೆ. ಮೊದಲ ಓದಿನಲ್ಲಿ ಬಹುತೇಕರ ಕಣ್ಣಿಗೆ ಬೀಳದೆ ಹೋಗುವ ಸಾಲು. ಹಾಗಾದರೆ ನಾವು ಕಣ್ಣೀರಿಟ್ಟುಕೊಂಡು ಓದಿದ ಜೀವಿಯ ಮಾತು ವಿಕ್ಟರ್‌ನ ಕೈ ದಾಟಿ ಬಂದದ್ದು! ಜೀವಿಯನ್ನು ಕೊಲ್ಲಲು ಹೊರಟವನೇ ಅದರ ವಕಾಲತ್ತನ್ನೂ ತಿದ್ದಿದ್ದಾನೆ. ಆದರೂ ಅದು ಅಷ್ಟು ಚೆನ್ನಾಗಿ ವಾದಿಸುತ್ತದಲ್ಲ, ಹೇಗೆ? ‘ಅದಕ್ಕೇ ನಂಬಬಹುದು. ವೈರಿ ತಿದ್ದಿದ ಮೇಲೂ ಇಷ್ಟು ಉಳಿದಿದೆ ಅಂದ್ರೆ, ನಿಜವಾಗ್ಲೂ ಇನ್ನೂ ಹೆಚ್ಚಿಗೆ ಹೇಳಿರಬೇಕು,’ ಅಂದಳು ಜಸ್ಟೀನಳ ಪುಟ ಹುಡುಕಿದ್ದ ಅದೇ ಹುಡುಗಿ. ಡಿಲೇಸಿ ಮನೆಯ ಮಗ ಫೀಲಿಕ್ಸ್ ಮತ್ತು ಅವನ ಪ್ರೇಯಸಿ ಸಫಿಯ ಕಾಗದಗಳನ್ನು ವಾಲ್ಟನ್ ಕಣ್ಣಾರೆ ಕಂಡಿದ್ದಾನೆ, ಜೀವಿಯನ್ನೂ ಹಡಗಿನಿಂದ ನೋಡಿದ್ದಾನೆ, ಅಷ್ಟಾದರೂ ಸಾಕ್ಷಿಯಿದೆ ಎಂದು ಇನ್ನೊಬ್ಬ ನೆನಪಿಸಿದ. ಇಷ್ಟು ಸೂಕ್ಷ್ಮವಾಗಿ ಸಾಕ್ಷಿ ತೂಗುವುದನ್ನು ನಾನು ಅವರಿಗೆ ಕಲಿಸಿರಲಿಲ್ಲ.

ಸಾಯುವ ಮುಂಚೆ ವಿಕ್ಟರ್ ಪಾಠ ಕಲಿತನೇ ಎಂಬುದರಲ್ಲಿ ಒಮ್ಮತ ಬರಲೇ ಇಲ್ಲ. ಮಹತ್ವಾಕಾಂಕ್ಷೆ ಬೇಡ, ನೆಮ್ಮದಿಯಲ್ಲಿ ಸುಖ ಹುಡುಕು ಎಂದು ವಾಲ್ಟನ್‌ಗೆ ಹೇಳುತ್ತಾನೆ, ಮರುಕ್ಷಣವೇ ತಾನು ಸೋತ ಕಡೆ ಇನ್ನೊಬ್ಬ ಗೆಲ್ಲಬಹುದು ಎನ್ನುತ್ತಾನೆ. ಅದಕ್ಕೂ ಮೊದಲು, ಹಿಂದಿರುಗೋಣ ಎಂದ ನಾವಿಕರನ್ನು ಹುರಿದುಂಬಿಸಿ ಮುಂದೆ ತಳ್ಳಲು ನೋಡಿದವನೂ ಅವನೇ. ವಾಲ್ಟನ್ ಹಡಗು ತಿರುಗಿಸಿದ್ದು ವಿವೇಕ ಎಂದು ಕೆಲವರು, ನಾವಿಕರು ದಂಗೆ ಎದ್ದಾರೆಂಬ ಭಯ ಎಂದು ಕೆಲವರು.

ಬರವಣಿಗೆಯ ಕೆಲಸ ಒಂದನ್ನೇ ಕೊಟ್ಟೆ, ಅದೂ ಕೊನೆಗೆ: ಮಾರ್ಗರೆಟ್ ಆಗಿ ತಮ್ಮನಿಗೆ ಉತ್ತರ ಬರೆಯಿರಿ. ಇಡೀ ಕಾದಂಬರಿ ಬರೆದದ್ದು ಅವಳಿಗೆ, ಅವಳ ಒಂದು ಮಾತೂ ನಮಗೆ ಕೇಳುವುದಿಲ್ಲ. ಕೆಲವರ ಮಾರ್ಗರೆಟ್ ತಮ್ಮ ಬದುಕಿದನಲ್ಲ ಎಂದು ನಿಟ್ಟುಸಿರು ಬಿಟ್ಟಳು, ಒಬ್ಬನ ಮಾರ್ಗರೆಟ್ ಈ ಕಥೆಯ ಒಂದಕ್ಷರವನ್ನೂ ನಂಬಲಿಲ್ಲ. ಒಬ್ಬಳು ಬರೆದದ್ದು ಹೀಗೆ: ‘ನಿನ್ನ ಗೆಳೆಯನ ಮಾತು ಬರೆದೆ, ಅವನ ವೈರಿಯ ಮಾತು ಬರೆದೆ. ಜಸ್ಟೀನಳ ಮನೆಯವರನ್ನು ಯಾರಾದರೂ ಕೇಳಿದರೇ?’ ಅದನ್ನು ಬಳಗದಲ್ಲಿ ಓದಿದಾಗ ಮತ್ತೊಂದು ಚರ್ಚೆ ಹುಟ್ಟಿತು, ನಮ್ಮ ಪ್ರಶ್ನೆಗೆ ನಾಲ್ಕನೆಯ ತುಂಡು ಸೇರಿಕೊಂಡಿತು: ಯಾರಿಗೆ ಹೇಳಲು ಅವಕಾಶವೇ ಸಿಗಲಿಲ್ಲ?

ಮುಂದಿನ ರಜೆಗೆ, ಕಥೆ ಹೇಳುವವರು ಯಾರೆಂದು ಗೊತ್ತಾಗದ, ಎಲ್ಲವನ್ನೂ ಮೇಲಿನಿಂದ ನೋಡಿ ಹೇಳುವಂಥ ಕಾದಂಬರಿಯೊಂದನ್ನು ಆರಿಸಬೇಕೆಂದಿದ್ದೇನೆ. ಅಲ್ಲಿ ‘ಯಾರಿಗೆ’ ಎಂಬ ಪ್ರಶ್ನೆ ಇನ್ನೂ ಕಷ್ಟದ್ದು. ಈ ಸಲದ ಮಕ್ಕಳಲ್ಲಿ ಮೂವರು ಈಗಾಗಲೇ ಹೆಸರು ಕೊಟ್ಟಿದ್ದಾರೆ.