ಮಾತು ಬಿಟ್ಟ ಅಣ್ಣ-ತಂಗಿಯ ಕಥೆಯನ್ನು ಕಡಿಮೆ ಹಣದಲ್ಲಿ ಚಿತ್ರವಾಗಿಸುವ ಬಗೆ

ಹಾಸಿಗೆ ಹಿಡಿದ ಅಪ್ಪ, ಹೊಲ ನೋಡಿಕೊಂಡು ಊರಲ್ಲೇ ಉಳಿದ ಅಣ್ಣ, ಬೆಂಗಳೂರಿನಿಂದ ಬಂದಿಳಿದ ತಂಗಿ: ಇಂಥ ಕಥೆಯನ್ನು ಧಾರವಾಡದ ಒಂದು ಮನೆಯೊಳಗೆ ಚಿತ್ರೀಕರಿಸಲು ಹೊರಟವರು ಮೊದಲು ಅಣ್ಣ-ತಂಗಿಯ ಜಗಳಕ್ಕೆ ಮೂಲವಾದ ಆಸ್ತಿಯ ಕಾಗದವನ್ನು ಸರಿಯಾಗಿ ತಿಳಿದುಕೊಳ್ಳಬೇಕು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದಿದೆಯಾದರೂ, 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಾಟ್ನಿಯನ್ನು, ಅಂದರೆ ಆಸ್ತಿಯ ಪಾಲುಪಟ್ಟಿಯನ್ನು, ಅದು ಮುಟ್ಟುವುದಿಲ್ಲ. ಹೀಗಾಗಿ ತಂಗಿಯ ಸಿಟ್ಟು ಕೋರ್ಟಿನ ಮೆಟ್ಟಿಲೇರುವಂಥದ್ದೋ ಎದೆಯಲ್ಲೇ ಉಳಿಯುವಂಥದ್ದೋ ಎಂಬುದು ವಾಟ್ನಿಯ ವರ್ಷದ ಮೇಲೆ ನಿಂತಿದೆ. ಚಿತ್ರಕ್ಕೆ ಎರಡನೆಯದೇ ಹೆಚ್ಚು ಒದಗುತ್ತದೆ ಎಂಬುದು ನನ್ನ ಎಣಿಕೆ. ಇದು ಬರೆಯುವವರಿಗೆ ಗೊತ್ತಿದ್ದರೆ ಸಾಕು, ಪಾತ್ರಗಳ ಬಾಯಲ್ಲಿ ಹೇಳಿಸಬಾರದು.

ಮಾತು ಬಿಟ್ಟವರು ನಮ್ಮ ಕಡೆ ಸುಮ್ಮನಿರುವುದಿಲ್ಲ, ಮೂರನೆಯವರ ಮೂಲಕ ಮಾತಾಡುತ್ತಾರೆ. ಅಣ್ಣ ಎದುರಿಗೇ ನಿಂತಿರುವಾಗ ತಂಗಿ ಅವನ ಹೆಂಡತಿಗೆ, "ವೈನಿ, ಅಪ್ಪಗ ಗುಳಿಗಿ ಕೊಟ್ಟಾರೇನು ಕೇಳ್ರಿ" ಎನ್ನಲಿ.

ಉಳಿದದ್ದನ್ನು ಕೈಗಳಿಗೆ ಬಿಡಿ. ಮಲಗಿದಲ್ಲೇ ಇರುವ ರೋಗಿಗೆ ಬೆನ್ನುಹುಣ್ಣಾಗದಂತೆ ಸಾಮಾನ್ಯವಾಗಿ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುತ್ತಾರೆ. ಭಾರವಾದ ಮೈಯನ್ನು ಒಬ್ಬರೇ ಹೊರಳಿಸುವುದು ಕಷ್ಟ. ಮಂಚದ ಎರಡು ಬದಿಗೆ ನಿಂತು, ಅಪ್ಪನ ಕೆಳಗಿನ ಚಾದರದ ಅಂಚನ್ನು ಮುಷ್ಟಿಗೆ ಸುತ್ತಿಕೊಂಡು, ಇಬ್ಬರೂ ಒಂದೇ ಹೊತ್ತಿಗೆ ಎತ್ತಬೇಕು. ಹಾಗೆ ಎತ್ತಬೇಕೆಂದರೆ ಯಾರಾದರೊಬ್ಬರು "ಹೂಂ" ಎನ್ನಲೇಬೇಕು. ಅವರಿಬ್ಬರ ನಡುವಿನ ಮೊದಲ ನೇರ ಮಾತು ಅದೇ ಆಗಲಿ. ಈ ದೃಶ್ಯವನ್ನು ಮೂರು ಸಲ ಇಡಿ: ಮೊದಲ ಸಲ ಹೊಂದಿಕೆ ತಪ್ಪಿ ಅಪ್ಪ ನರಳಲಿ, ಕೊನೆಯ ಸಲ "ಹೂಂ" ಕೂಡ ಬೇಕಾಗದಿರಲಿ. ಅಭ್ಯಾಸಕ್ಕೆ ಅನುಭವಿ ದಾದಿಯೊಬ್ಬರನ್ನು ಕರೆಸುವುದಕ್ಕೆ ಜಿಪುಣತನ ಮಾಡಬಾರದು.

ಹುಬ್ಬಳ್ಳಿ ನಿಲ್ದಾಣದ 1,507 ಮೀಟರ್ ಪ್ಲಾಟ್‌ಫಾರ್ಮಿನ ಮೇಲೆ ತಂಗಿಯನ್ನು ಒಂಟಿಯಾಗಿ ನಡೆಸುವ ಆಸೆ ಹುಟ್ಟುವುದು ಸಹಜ. ರೈಲ್ವೆಯ ಪರವಾನಗಿ, ಶುಲ್ಕ, ಜನಜಂಗುಳಿಗಳನ್ನು ನೆನೆದು ಅವಳನ್ನು ನೇರವಾಗಿ ಹೊಸ್ತಿಲಿಗೆ ತಂದು ನಿಲ್ಲಿಸಿ.

ಹಳೆಯ ಮಾಳಿಗೆ ಮನೆ ಸಿಕ್ಕರೆ ಬೆಳಕಿಂಡಿಯ ಬಿಸಿಲೇ ದೀಪವಾದೀತು, ಆದರೆ ಅದು ಸರಿಯುತ್ತಲೇ ಇರುವುದರಿಂದ ಒಂದು ದೃಶ್ಯದ ಎಲ್ಲ ಶಾಟ್‌ಗಳನ್ನು ದಿನದ ಅದೇ ಹೊತ್ತಿನಲ್ಲಿ ಮುಗಿಸಬೇಕು. ಫ್ಯಾನು, ಫ್ರಿಜ್ಜುಗಳನ್ನು ಆರಿಸದೆ ಧ್ವನಿ ದಾಖಲಿಸಬಾರದು. ಸಾಯುವವರ ಕೊನೆಯ ಗಳಿಗೆಗಳಲ್ಲಿ ಉಸಿರು ಏರಿ, ಇಳಿದು, ನಿಂತಂತಾಗಿ, ಮತ್ತೆ ಮೊದಲಾಗುವುದುಂಟು. ಅಪ್ಪನ ಪಾತ್ರದ ನಟ ಇದನ್ನು ಕಲಿತಿರಲಿ. ಆ ಟೇಕ್ ಮುಗಿದೊಡನೆ ಯಾರೂ ಕದಲದಂತೆ ತಡೆದು, ಬರಿಯ ಕೋಣೆಯ ಸದ್ದನ್ನು ಒಂದು ನಿಮಿಷ ದಾಖಲಿಸಿಕೊಳ್ಳಿ. ಸಂಕಲನದಲ್ಲಿ, ಅಪ್ಪನ ಉಸಿರು ಮತ್ತೆ ಬಾರದಿದ್ದಾಗ, ಅಲ್ಲಿ ಇಡಬೇಕಾದದ್ದು ಅದೇ ಸದ್ದು.